ಹಲಸಿನಕೋಟೆಯ ಮೂರು ಬಾಗಿಲುಗಳು

ಬಹಳ ಹಿಂದೆ, ಮರಗಳಿನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ಹಲಸಿನಕೋಟೆ ಎಂಬೊಂದು ರಾಜ್ಯವಿತ್ತು. ಬೇರೆ ರಾಜ್ಯಗಳಿಗೆ ಆನೆಯ ಹೆಮ್ಮೆ, ಕುದುರೆಯ ಹೆಮ್ಮೆ, ಮುತ್ತುರತ್ನದ ಹೆಮ್ಮೆ. ಹಲಸಿನಕೋಟೆಗೆ ಬಾಗಿಲಿನ ಹೆಮ್ಮೆ. ನಗಬೇಡಿ. ನೀವು ಆ ಬಾಗಿಲುಗಳನ್ನು ನೋಡಿಲ್ಲ, ಅದಕ್ಕೇ ನಗು ಬರುತ್ತಿದೆ. ಅರಮನೆಗೆ ಹೊರಬಾಗಿಲು, ನಡುಬಾಗಿಲು, ಒಳಬಾಗಿಲು ಅಂತ ಮೂರು. ಮೂರೂ ಹಲಸಿನ ಮರದವು. ಒಂದೊಂದನ್ನು ತೆರೆಯುವುದಕ್ಕೂ ಜಟ್ಟಿಗಳು ಬಂದು ಹೆಗಲು ಕೊಡಬೇಕಿತ್ತು. ಬಾಗಿಲು ಅಂದಮೇಲೆ ಹಾಗೇ ಇರಬೇಕು ಅಂತ ಊರವರೆಲ್ಲ ಮೀಸೆ ತಿರುವುತ್ತಿದ್ದರು.

ಆ ರಾಜ್ಯವನ್ನು ಆಳುತ್ತಿದ್ದವನು ಗೋಪರಾಯ. ಅವನಿಗೆ ಒಬ್ಬಳೇ ಮಗಳು, ಹೊನ್ನಾಜಿ. ತಾಯಿಯಿಲ್ಲದ ಹುಡುಗಿ. ದಾಸಿಯರು ಎಷ್ಟೇ ಜನ ಇದ್ದರೂ ಅವಳ ತಲೆ ಬಾಚಿ ಜಡೆ ಹೆಣೆದದ್ದು ಅಪ್ಪನೇ. ಅರಸ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಂಶದ ವಿಚಾರ ಬಂದರೆ ಅವನ ಮೂಗು ಮುಗಿಲಿಗೆ ಏರುತ್ತಿತ್ತು. ಹೊನ್ನಾಜಿ ಚಿಕ್ಕವಳಿದ್ದಾಗ ಬಡಗಿ ಕಾಳಾಚಾರಿಯ ಕೆಲಸದ ಕೊಟ್ಟಿಗೆಗೆ ಓಡಿಹೋಗಿ, ಹತ್ತರಿಯಲ್ಲಿ ಮರ ಹೆರೆದಾಗ ಬೀಳುವ ಸುರುಳಿಗಳನ್ನು ಕಿವಿಗೆ ಓಲೆಯಂತೆ ಸಿಕ್ಕಿಸಿಕೊಂಡು ಬರುತ್ತಿದ್ದಳು. ಅರಸ ಸಿಡಿಮಿಡಿಗೊಳ್ಳುತ್ತಿದ್ದ.

"ನಾವು ಸೂರ್ಯವಂಶದವರು! ಸೂರ್ಯವಂಶದ ಹುಡುಗಿ ಮೈತುಂಬ ಮರದ ಹೊಟ್ಟು ಬಳಿದುಕೊಂಡು ಬರೋದೇ?"

ಆ ರಾಜ್ಯದ ಗಡಿಯಾಚೆ ಹುಳುಕಭೈರ ಎಂಬ ಮಾಂತ್ರಿಕನಿದ್ದ. ಅವನಿಗೆ ಹಲಸಿನಕೋಟೆಯ ಸಿಂಹಾಸನದ ಮೇಲೆ ಕಣ್ಣು. ಅವನ ಬಳಿ ಸೈನ್ಯವಿರಲಿಲ್ಲ. ಆದರೆ ಒಂದು ವಿದ್ಯೆಯಿತ್ತು. ಮರದಲ್ಲಿ ಎಲ್ಲಿ ಸಂದಿಯಿದ್ದರೂ, ಎಲ್ಲಿ ಹುಳುಕಿದ್ದರೂ, ಅಲ್ಲಿ ನುಗ್ಗಿ ಕೂರಬಲ್ಲವನಾಗಿದ್ದ. ಒಂದು ಮಧ್ಯಾಹ್ನ ಅರಸ ಊಟ ಮುಗಿಸಿ ಒಳಮನೆಯಲ್ಲಿ ಅಡ್ಡಾಗಿದ್ದಾಗ ಹುಳುಕಭೈರ ಬಂದ. ಮೊದಲು ಕಾಳಾಚಾರಿಯ ಕೊಟ್ಟಿಗೆಗೆ ಹೋಗಿ, ಅವನ ಮೇಲೆ ಮಂತ್ರದ ನೀರೆರಚಿ ಅವನನ್ನು ಮರಕುಟಿಗ ಮಾಡಿದ. ಬಾಗಿಲು ಬಲ್ಲವನೊಬ್ಬ ದೂರವಾದ ಮೇಲೆ ಇನ್ನೇನು ಭಯ? ನೆಟ್ಟಗೆ ಅರಮನೆಗೆ ಬಂದು ಒಳಬಾಗಿಲಿನೊಳಗೆ ಸೇರಿಕೊಂಡ. ದಢಾರ್, ದಢಾರ್, ದಢಾರ್! ಮೂರು ಬಾಗಿಲೂ ತಾವಾಗಿ ಮುಚ್ಚಿಕೊಂಡವು. ಒಳಗಿದ್ದವನು ಅರಸನೊಬ್ಬನೇ.

"ಕೇಳಿಸಿಕೊಳ್ಳಿ!" ಎಂದು ಹುಳುಕಭೈರ ಕೂಗಿದ. "ಇವತ್ತಿನಿಂದ ನಿಮ್ಮ ಅರಸ ಮರವಾಗ್ತಾ ಹೋಗ್ತಾನೆ. ಪಾದದಿಂದ ಶುರು. ತಲೆಯೂ ಮರವಾದ ಗಳಿಗೆಗೆ ಸಿಂಹಾಸನ ನಂದು. ತಾಕತ್ತಿದ್ದರೆ ಬಾಗಿಲು ತೆಗೆದು ಅವನನ್ನ ಕರಕೊಂಡು ಹೋಗಿ. ಒಡೆದು ಬರೋಣ ಅಂದುಕೊಂಡರೆ ನಿಮ್ಮಿಷ್ಟ, ಏಟು ಯಾರಿಗೆ ಬೀಳತ್ತೆ ನೋಡಿ!"

ದಳವಾಯಿಗೆ ಮಾತು ಅರ್ಥವಾಗುವ ಮೊದಲೇ ಕೈ ಓಡುತ್ತಿತ್ತು. ಕೊಡಲಿ ಎತ್ತಿ ಹೊರಬಾಗಿಲಿಗೆ ಒಂದೇಟು ಬಿಟ್ಟ. ಒಳಗಿಂದ ಅರಸ ಚೀರಿದ, "ಅಯ್ಯೋ, ನನ್ನ ಭುಜ!" ಕೊಡಲಿ ದಳವಾಯಿಯ ಕೈಯಿಂದ ಕಳಚಿಬಿತ್ತು. ಜಟ್ಟಿಗಳು ನೂಕಿದರು, ಬಾಗಿಲು ಅಲ್ಲಾಡಲಿಲ್ಲ. ಜೋಯಿಸರು ಹೋಮ ಮಾಡಿದರು, ಎಲ್ಲರ ಕಣ್ಣಲ್ಲೂ ನೀರು ಬಂತು, ಅದು ಹೊಗೆಗೆ. ಹೊನ್ನಾಜಿ ಮಾತ್ರ ಬಾಗಿಲಿಗೆ ಕೆನ್ನೆ ಒತ್ತಿ ನಿಜವಾಗಿಯೇ ಅಳುತ್ತಿದ್ದಳು.

ಆಗ ಕೆಂಪು ಜುಟ್ಟಿನ ಮರಕುಟಿಗವೊಂದು ಬಾಗಿಲ ಚೌಕಟ್ಟಿನ ಮೇಲೆ ಬಂದು ಕೂತು ಹೇಳಿತು.

"ಅಮ್ಮಣ್ಣಿ, ಅಳಬೇಡಿ. ಬಾಗಿಲಿಗೆ ತೇವ ಆಗಿಬರಲ್ಲ."

ಹೊನ್ನಾಜಿ ಬೆಚ್ಚಿ ಹಿಂದೆ ಸರಿದಳು. "ಯಾರು ನೀನು?"

"ನಾನಮ್ಮ, ಕಾಳಾಚಾರಿ! ಆ ಪಾಪಿ ನನ್ನ ಹೀಗೆ ಮಾಡಿಹೋದ. ವಿದ್ಯೆ ಪೂರ್ತಿ ತಲೆಯಲ್ಲಿದೆ, ಹಿಡಿಯೋಕೆ ಕೈಯಿಲ್ಲ. ನಿಮಗೆ ಕೈಯಿದೆ, ವಿದ್ಯೆಯಿಲ್ಲ. ಇಬ್ಬರೂ ಸೇರಿದರೆ ಒಬ್ಬ ಬಡಗಿ ಆಗ್ತೀವಿ."

"ನಾನೇ ಯಾಕೆ ಆಚಾರ್ರೇ? ಇಷ್ಟು ಜನ ಗಂಡಸರಿದ್ದಾರೆ."

"ಇದ್ದಾರೆ, ದಳವಾಯಿಗಳ ಕೆಲಸ ನೋಡಿದೆನಲ್ಲ! ಮರಕ್ಕೆ ನೋವಾದರೆ ಅರಸರಿಗೆ ನೋವು. ಇದು ಅಪ್ಪನ ಮೈ ಅಂತ ತಿಳಿದು ಮುಟ್ಟೋ ಕೈ ಬೇಕು. ಅಂಥ ಕೈ ಇಲ್ಲಿ ಇನ್ಯಾರದಿದೆ?"

ಹೊನ್ನಾಜಿ ಕಣ್ಣೊರೆಸಿಕೊಂಡಳು. ಬಳೆ ತೆಗೆದಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಹೊರಬಾಗಿಲಿನ ಹೊಸ್ತಿಲ ಒಂದು ಮಗ್ಗುಲಿಗೆ ಕೋಣದ ಗಾತ್ರದ ಕಪ್ಪೆಯೊಂದು ಕೂತಿತ್ತು. ಹುಳುಕಭೈರನ ಕಾವಲು ಅದು. ಬಾಯಿ ತೆರೆದಾಗಲೆಲ್ಲ ಅದರಿಂದ ತಣ್ಣನೆಯ ಮಂಜು ಹೊರಟು ಬಾಗಿಲಿಗೆ ಬಡಿಯುತ್ತಿತ್ತು. ಮಂಜು ಕುಡಿದು ಕುಡಿದು ಬಾಗಿಲು ಊದಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು.

ಹೊನ್ನಾಜಿ ಹತ್ತರಿ ತೆಗೆದುಕೊಂಡು ಹೆರೆಯಲು ಹೋದಳು. ಮರಕುಟಿಗ ಅವಳ ಬೆರಳಿಗೇ ಕುಕ್ಕಿತು.

"ಅಮ್ಮಾ!"

"ಕುಕ್ಕದೆ ಇನ್ನೇನು ಮಾಡಲಿ? ಒದ್ದೆ ಮರ ಹೆರೀತೀರಾ? ಇವತ್ತು ಹೆರೆದರೆ ಬೇಸಿಗೇಲಿ ಒಣಗಿ ಕುಗ್ಗತ್ತೆ. ಸಂದಿಯಲ್ಲಿ ನಾಯಿ ನುಗ್ಗತ್ತೆ. ಮೊದಲು ಒಣಗಲಿ."

ಹೊನ್ನಾಜಿ ಅಡುಗೆಮನೆಯಿಂದ ಕೆಂಡದ ಅಗ್ಗಿಷ್ಟಿಕೆಗಳನ್ನು ತರಿಸಿದಳು. ಬಾಗಿಲಿಗೆ ತೀರ ಹತ್ತಿರವಲ್ಲ, ತೀರ ದೂರವಲ್ಲ, ಬಾಣಂತಿಗೆ ಕಾವು ಕೊಡುವ ಹಾಗೆ ಇಡಿಸಿದಳು. ಮರ ಒಣಗಿತು. ಕಾವು ತಾಳದೆ ಕಪ್ಪೆಯೂ ಒಣಗಿತು. ಕೋಣದಷ್ಟಿದ್ದದ್ದು ಕುರಿಯಷ್ಟಾಯಿತು, ಕುರಿಯಷ್ಟಿದ್ದದ್ದು ಕೋಳಿಯಷ್ಟಾಯಿತು, ಕೊನೆಗೆ ಅಂಗೈಯಲ್ಲಿ ಕೂರುವಷ್ಟಾಗಿ ಮಿಕಮಿಕ ನೋಡಿತು. ಪಾಪ ಅನಿಸಿ ಹೊನ್ನಾಜಿ ಅದನ್ನು ಬಾವಿಕಟ್ಟೆಯ ಹುಲ್ಲಿಗೆ ಬಿಟ್ಟು ಬಂದಳು.

"ಈಗ ಒಂದು ತಾಳೆಗರಿ ತಗೊಳ್ಳಿ. ಬಾಗಿಲಿಗೂ ಚೌಕಟ್ಟಿಗೂ ನಡುವೆ ತೂರಿಸಿ ಸುತ್ತ ಎಳೀರಿ. ಎಲ್ಲಿ ಸಿಕ್ಕಿಕೊಳ್ಳತ್ತೋ ಅಷ್ಟು ಜಾಗ ಮಾತ್ರ ಹೆರೆಯೋದು. ಮಿಕ್ಕಿದ್ದನ್ನ ಮುಟ್ಟಕೂಡದು."

ಗರಿ ಮೇಲಿನ ಮೂಲೆಯಲ್ಲಿ ಸಿಕ್ಕಿಕೊಂಡಿತು. ಹೊನ್ನಾಜಿ ಅಲ್ಲಿ ಮಾತ್ರ, ಉಗುರು ಕತ್ತರಿಸುವಷ್ಟು ಮೆಲ್ಲಗೆ, ಹೆರೆದಳು. ಒಳಗಿಂದ ಚೀರಾಟವಿಲ್ಲ. ಗರಿ ಸುತ್ತಲೂ ಸರಾಗವಾಗಿ ಓಡಿತು. ಬಾಗಿಲು ತೆರೆದುಕೊಂಡಿತು! ದಾಸಿಯರು ಹೋ ಎಂದು ಕುಣಿದರು. ಹೊನ್ನಾಜಿ ಒಳಗೆ ಓಡಲು ಹೊರಟರೆ ಮರಕುಟಿಗ ಅಡ್ಡ ಬಂತು.

"ಎಲ್ಲಿಗೆ? ಬಾಗಿಲ ತಳಕ್ಕೆ ಎಣ್ಣೆ ಹಾಕೋರು ಯಾರು? ಮುಖಕ್ಕೆ ಎಲ್ಲರೂ ಬಳೀತಾರೆ, ತಳದ ಅಂಚಿಗೆ ಯಾರೂ ಬಳಿಯಲ್ಲ. ನೀರು ನುಗ್ಗೋದು ಅಲ್ಲಿಂದಲೇ."

ಹೊನ್ನಾಜಿ ನೆಲದ ಮೇಲೆ ಮಲಗಿ, ಯಾರ ಕಣ್ಣಿಗೂ ಬೀಳದ ಆ ಅಂಚಿಗೆ ಅಗಸೆ ಎಣ್ಣೆ ಉಜ್ಜಿದಳು. ಆಮೇಲೇ ಒಳಗೆ ಹೋದದ್ದು.

ನಡುಬಾಗಿಲ ಬಳಿ ಹೋದಾಗ ಅಪ್ಪನ ದನಿ ಸ್ಪಷ್ಟವಾಗಿ ಕೇಳಿಸಿತು.

"ಯಾರದು? ಹೊನ್ನೀ, ನೀನೇನೇ? ಅದೇನು ಕರಕರ ಸದ್ದು ಮಾಡ್ತಿದ್ದೆ?"

"ಹತ್ತರಿ ಹೊಡೀತಿದ್ದೆ ಅಪ್ಪಾಜಿ."

"ಛೀ ಛೀ! ಸೂರ್ಯವಂಶದವಳು ನೀನು! ದಳವಾಯಿಗೇನಾಗಿದೆ ರೋಗ?"

"ಅಪ್ಪಾಜಿ, ಕಾಲು ಹೇಗಿದೆ?"

"ಸೊಂಟದವರೆಗೂ ಮರ ಕಣೇ" ಅಂದ ಅರಸ.

ನಡುಬಾಗಿಲ ಮೇಲೆ ಯಾಳಿಯ ಕೆತ್ತನೆಯಿತ್ತು. ಸಿಂಹದ ಮೈ, ಆನೆಯ ಸೊಂಡಿಲು. ಹುಳುಕಭೈರನ ಮಂತ್ರದಿಂದ ಅದಕ್ಕೆ ಜೀವ ಬಂದಿತ್ತು. ಹತ್ತಿರ ಹೋದವರನ್ನೆಲ್ಲ ಸೊಂಡಿಲಿನಿಂದ ಎತ್ತಿ ಒಗೆಯುತ್ತಿತ್ತು. ಹಗಲೆನ್ನದೆ ಇರುಳೆನ್ನದೆ ಗರ್ಜಿಸುತ್ತಿತ್ತು. ಹೊರಬಾಗಿಲು ತೆರೆದದ್ದೇ ಮುಂದೆ ನುಗ್ಗಿದ ದಳವಾಯಿಯನ್ನು ಎತ್ತಿ ಒಗೆದದ್ದಕ್ಕೆ ಅವನು ಕುದುರೆಲಾಯದ ಮೇಲೆ ಹೋಗಿ ಬಿದ್ದಿದ್ದ. ಹೊನ್ನಾಜಿ ದೂರದಲ್ಲೇ ಕೂತು ಸುಮ್ಮನೆ ನೋಡಿದಳು. ಯಾಳಿ ಗರ್ಜಿಸಿದಾಗಲೆಲ್ಲ ಬಾಗಿಲ ಬುಡದಲ್ಲಿ ಸಣ್ಣಗೆ ಹಳದಿ ಹುಡಿ ಉದುರುತ್ತಿತ್ತು, ಗೋದಿಹಿಟ್ಟು ಜರಡಿ ಹಿಡಿದ ಹಾಗೆ.

"ಆಚಾರ್ರೇ, ಇದು ಕೋಪದ ಗರ್ಜನೆ ಅಲ್ಲ. ಹಲ್ಲುನೋವಿದ್ದಾಗ ಅಪ್ಪಾಜಿ ಹೀಗೇ ಎಲ್ಲರ ಮೇಲೂ ಹಾರಾಡ್ತಾರೆ. ಇದಕ್ಕೆ ಹುಳ ಕೊರೀತಿದೆ."

ಮರಕುಟಿಗ ಸಂತೋಷದಿಂದ ರೆಕ್ಕೆ ಬಡಿಯಿತು. "ಭೇಷ್! ಇದನ್ನ ನಾನು ಹೇಳಿಕೊಡಲಿಲ್ಲ, ನೀವೇ ಕಂಡಿರಿ."

ಹೊನ್ನಾಜಿ ಎದ್ದು ಯಾಳಿಯ ಮುಂದೆ ನಿಂತು, "ನೋವು ತೆಗೀತೀನಿ, ಒಂಚೂರು ತಡಕೋ" ಅಂದಳು. ಯಾಳಿ ಸೊಂಡಿಲು ಎತ್ತಿತು, ಯೋಚಿಸಿತು, ಇಳಿಸಿತು. ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ, ಅದನ್ನು ಒಂದೊಂದೇ ತೂತಿಗೆ ಹನಿಹನಿಯಾಗಿ ಬಿಡಬೇಕಿತ್ತು. ಹನಿ ಬಿಡಲು ಸಣ್ಣ ಗರಿ ಬೇಕಿತ್ತು. ಕಾಳಾಚಾರಿ ಗೊಣಗುತ್ತಾ ತನ್ನ ಬಾಲದ ಗರಿಯನ್ನೇ ಕಿತ್ತುಕೊಟ್ಟ. ಹುಳುಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದವು. ಮುಚ್ಚಿಕೊಳ್ಳಲು ಅವಕ್ಕೆ ಮೂಗೆಲ್ಲಿತ್ತು ಎಂದು ಕೇಳಬೇಡಿ, ಅದು ಮಾಯಾಲೋಕ.

ಆಮೇಲೆ ಹಲಸಿನ ಮರದ್ದೇ ಹುಡಿಗೆ ಅಂಟು ಕಲಸಿ ತೂತುಗಳಿಗೆ ತುಂಬಿದಳು. ಮಟ್ಟಸವಾಗಿ ತುಂಬಿ, ಸವರಿ, ತನ್ನ ಕೆಲಸ ನೋಡಿ ತಾನೇ ಬೀಗಿದಳು. ಒಣಗಿದ ಮೇಲೆ ನೋಡಿದರೆ ಒಂದೊಂದು ತೂತೂ ಗುಳಿಬಿದ್ದ ಕೆನ್ನೆ. ಯಾಳಿ ಮತ್ತೆ ಗರ್ಜಿಸಿತು.

"ಒಣಗಿದಾಗ ಕುಗ್ಗತ್ತೆ ಅಮ್ಮಣ್ಣಿ. ಉಬ್ಬುವ ಹಾಗೆ ತುಂಬಬೇಕು, ಆಮೇಲೆ ಉಜ್ಜಿ ಸಮ ಮಾಡಬೇಕು. ನಾನೂ ನಮ್ಮಪ್ಪನ ಹತ್ತಿರ ಇದಕ್ಕೇ ತಲೆಗೆ ಮೊಟಕಿಸಿಕೊಂಡವನು."

ಎಲ್ಲ ಕೆದಕಿ ತೆಗೆದು ಮತ್ತೆ ತುಂಬಿದಳು. ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜಲು ಕೂತಳು. ಅವಸರಕ್ಕೆ ಅಡ್ಡಡ್ಡ ಉಜ್ಜಿದಳು. ಮರದ ಮೇಲೆ ಗೀರು ಬಿದ್ದವು, ಒಳಗೆ ಅರಸ "ಸ್ಸ್!" ಎಂದ.

"ಅಡ್ಡಕ್ಕೆ ಬೇಡಿ! ಬೆಕ್ಕಿನ ಮೈ ಸವರುವಾಗ ಬಾಲದಿಂದ ತಲೆ ಕಡೆಗೆ ಸವರ್ತೀರಾ? ಮರದ ಎಳೆ ಎತ್ತ ಹೋಗಿದೆಯೋ ಅತ್ತಲೇ ಕೈ ಹೋಗಬೇಕು."

ಕೈ ಎಳೆಯ ದಿಕ್ಕು ಹಿಡಿಯಿತು. ಯಾಳಿಯ ಮೈ ನುಣುಪಾಗುತ್ತಾ ಬಂತು. ಅದು ಗರ್ಜಿಸುವುದು ಬಿಟ್ಟು ಗುರುಗುಟ್ಟಿತು, ಗುರುಗುಟ್ಟುವುದು ಬಿಟ್ಟು ಕಣ್ಣುಮುಚ್ಚಿತು, ಕೊನೆಗೆ ಸೊಂಡಿಲಿನಿಂದ ತಾನೇ ಅಗುಳಿ ತೆಗೆದುಕೊಟ್ಟು ಮತ್ತೆ ಕೆತ್ತನೆಯಾಗಿ ನಿಂತಿತು.

ಉಳಿದದ್ದು ಒಳಬಾಗಿಲು. ಅದರ ಕತೆಯೇ ಬೇರೆ.

ಹಲಸಿನಕೋಟೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಅರಸ ಪಟ್ಟಕ್ಕೆ ಬಂದ ದಿನ, ತನ್ನ ಕೈಯಾರೆ ಒಳಬಾಗಿಲಿಗೆ ಅರಗಿನ ಲೇಪ ಬಳಿಯಬೇಕು. ಹಿಂದಿನವರ ಲೇಪವನ್ನು ಕೆರೆಯಕೂಡದು, ಅದು ಹಿರಿಯರಿಗೆ ಅಪಚಾರ. ಹೀಗೆ ಮುತ್ತಾತನ ಮೇಲೆ ತಾತ, ತಾತನ ಮೇಲೆ ಅಪ್ಪ, ಬಳಿದದ್ದರ ಮೇಲೆ ಬಳಿದು ಬಳಿದು, ಬಾಗಿಲು ಇದ್ದಿಲಿನಂತೆ ಕಪ್ಪಾಗಿತ್ತು. ಅದರ ಮೇಲೆ ಏನು ಕೆತ್ತಿದೆಯೆಂದು ಬದುಕಿದ್ದವರು ಯಾರೂ ನೋಡಿರಲಿಲ್ಲ. ಈಗ ಹುಳುಕಭೈರ ಒಳಸೇರಿದ ಮೇಲೆ ಆ ಅರಗೆಲ್ಲ ಒಂದಕ್ಕೊಂದು ಬೆಸೆದು, ಎರಡು ಕದಗಳ ನಡುವಿನ ಸಂದಿ ಮುಚ್ಚಿಹೋಗಿತ್ತು. ಚಿಲಕ ಹೂತುಹೋಗಿತ್ತು. ಬಾಗಿಲು ಯಾವುದು ಗೋಡೆ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ.

ಮರಕುಟಿಗ ಬಾಗಿಲಿನುದ್ದಕ್ಕೂ ಕೊಕ್ಕಿನಿಂದ ಮೆಲ್ಲಗೆ ತಟ್ಟುತ್ತಾ ಹೋಯಿತು. ಟಕ್, ಟಕ್, ಟಕ್, ಡಬ್. ಅಲ್ಲಿ ನಿಂತಿತು.

"ಇಲ್ಲಿ ಟೊಳ್ಳು. ಲೇಪ ಮರಕ್ಕೆ ಹಿಡಿದಿಲ್ಲ, ಗುಳ್ಳೆ ಎದ್ದಿದೆ. ಅವನು ಇದರೊಳಗೆ ಸೇರಿಕೊಂಡಿದ್ದಾನೆ. ಅಮ್ಮಣ್ಣಿ, ಲೇಪ ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ."

ಅಲ್ಲಿದ್ದವರೆಲ್ಲ ಹೌಹಾರಿದರು. ಜೋಯಿಸರು ಕಿವಿ ಮುಚ್ಚಿಕೊಂಡರು. ಒಳಗಿಂದ ಅರಸನೂ ಗುಡುಗಿದ.

"ಹೊನ್ನೀ! ಅದು ನಮ್ಮಪ್ಪನ ಕೈ ಬಿದ್ದ ಬಾಗಿಲು, ನಮ್ಮ ತಾತನ ಕೈ ಬಿದ್ದ ಬಾಗಿಲು. ನಾನು ಮರವಾದರೂ ಚಿಂತೆಯಿಲ್ಲ, ಅದನ್ನ ಕೆರೆಯಬೇಡ!"

"ಅಪ್ಪಾಜಿ, ನೀವು ಬಳಿದ ದಿನ ಬಾಗಿಲು ಒಣಗಿತ್ತಾ?"

ಗುಡುಗು ನಿಂತಿತು.

"ಆ ದಿನ ಮಳೆ ಇತ್ತು ಮಗಳೇ" ಎಂದ ಅರಸ, ಸಣ್ಣ ದನಿಯಲ್ಲಿ. "ಇರಚಲು ಹೊಡೆದು ಬಾಗಿಲು ತೊಯ್ದಿತ್ತು. ಜೋಯಿಸರು ಮುಹೂರ್ತ ಮೀರತ್ತೆ ಅಂದರು. ಒದ್ದೆ ಬಾಗಿಲಿಗೇ ಬಳಿದುಬಿಟ್ಟೆ."

ಎಲ್ಲರೂ ಜೋಯಿಸರ ಕಡೆ ತಿರುಗಿದರು. ಜೋಯಿಸರು ಪಂಚಾಂಗ ತಿರುವುತ್ತಾ ನಿಂತರು, ಅದೂ ತಲೆಕೆಳಗಾಗಿ.

"ಈಗ ಎಲ್ಲಿಯವರೆಗೆ ಮರ, ಅಪ್ಪಾಜಿ?"

"ಎದೆ."

ಹೊನ್ನಾಜಿ ಎದ್ದು ನಿಂತಳು. "ಅಪ್ಪಾಜಿ, ಇಷ್ಟು ದಿನ ನಿಮ್ಮ ಮಾತು ಮೀರಿಲ್ಲ. ಇವತ್ತು ಮೀರ್ತೀನಿ. ಹೊರಗೆ ಬಂದು ಬೇಕಾದಷ್ಟು ಬೈಯಿರಿ."

ಕಬ್ಬಿಣದ ಸಟ್ಟುಗವನ್ನು ಕೆಂಡದಲ್ಲಿ ಕಾಯಿಸಿ ಲೇಪದ ಹತ್ತಿರ ಹಿಡಿಯಬೇಕು. ಅರಗು ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಮೊಂಡು ಅಲಗಿನಿಂದ ಎಬ್ಬಿಸಬೇಕು. ಹೆಚ್ಚು ಕಾದರೆ ಮರ ಸುಡುತ್ತದೆ, ಕಡಿಮೆಯಾದರೆ ಅರಗು ಬಿಡುವುದಿಲ್ಲ. ಹೊನ್ನಾಜಿ ಮೊದಲ ಸಲ ಹಿಡಿದಾಗ ಬಾಗಿಲಿಗೆ ಕಿವಿಯಿಟ್ಟು ಕೇಳಿದಳು.

"ಬಿಸಿ ತಗುಲ್ತಾ ಅಪ್ಪಾಜಿ?"

"ಬೆಚ್ಚಗಿದೆ" ಎಂದ ಅರಸ. "ತಲೆಗೆ ಎಣ್ಣೆ ಹಚ್ಚಿದ ಹಾಗಿದೆ."

ಅಪ್ಪನ ಲೇಪ ಎದ್ದು ಬಂತು. ಗುಳ್ಳೆ ಒಡೆದು ಕೊಳೆತ ನೀರು ಸುರಿಯಿತು. ಹುಳುಕಭೈರ "ಹಾ!" ಎಂದು ಕಿರುಚಿ ಅದರಡಿಯ ಲೇಪಕ್ಕೆ ಜಾರಿಕೊಂಡ. ಹೊನ್ನಾಜಿ ಕೇಳುತ್ತಾ ಹೋದಳು, ತೆಗೆಯುತ್ತಾ ಹೋದಳು. ಬಿಸಿ ತಗುಲ್ತಾ? ಇಲ್ಲ. ಬಿಸಿ ತಗುಲ್ತಾ? ಇಲ್ಲ. ತಾತನ ಲೇಪದ ಅರ್ಧಕ್ಕೆ ಬಂದಾಗ ಕೇಳಿದಳು, "ಬಿಸಿ ತಗುಲ್ತಾ ಅಪ್ಪಾಜಿ?"

ಉತ್ತರ ಬರಲಿಲ್ಲ. ಮರ ಅರಸನ ಗಂಟಲಿಗೆ ಏರಿತ್ತು.

ಹೊನ್ನಾಜಿ ಸಟ್ಟುಗ ಕೆಳಗಿಟ್ಟಳು. "ಆಚಾರ್ರೇ, ನೋವಾದರೂ ಈಗ ಅವರು ಹೇಳಲ್ಲ. ನನಗೆ ಹೇಗೆ ಗೊತ್ತಾಗಬೇಕು?"

"ಬಿಸಿ ತೋರಿಸಿದ ಜಾಗದ ಮೇಲೆ ನಿಮ್ಮ ಅಂಗೈ ಇಡಿ. ನಿಮ್ಮ ಅಂಗೈ ತಡಕೊಂಡರೆ ಅವರೂ ತಡಕೋತಾರೆ. ಇನ್ನು ಮೇಲೆ ನನ್ನನ್ನ ಕೇಳಬೇಡಿ, ಕೈಯನ್ನ ಕೇಳಿ."

ಆಗ ಬಾಗಿಲಿನೊಳಗಿಂದ ಮುದುಕನೊಬ್ಬನ ದನಿ ಬಂತು. "ಮೊಮ್ಮಗಳೇ, ನಾನು ನಿನ್ನ ತಾತ. ನನ್ನ ಲೇಪ ಮುಟ್ಟಬೇಡ. ಮುಟ್ಟಿದರೆ ವಂಶ ಉರಿದುಹೋಗತ್ತೆ!"

ದಾಸಿಯರು ಅಡ್ಡಬಿದ್ದರು. ಜೋಯಿಸರು ಕೈಮುಗಿದರು. ಹೊನ್ನಾಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೀನು ನನ್ನ ತಾತ ಆಗಿದ್ದರೆ, ಬಾಗಿಲು ಹೋದರೆ ಹೋಗಲಿ, ನನ್ನ ಮಗನನ್ನ ಉಳಿಸು ಅಂತಿದ್ದೆ. ಸುಮ್ಮನಿರೋ ಹುಳುಕಾ!"

ಬಿಸಿ ತೋರಿಸಿದಳು, ಅಂಗೈ ಇಟ್ಟಳು, ಎಬ್ಬಿಸಿದಳು. ಅಂಗೈ ಕೆಂಪಾಯಿತು, ಬೊಬ್ಬೆ ಬಂತು, ಇನ್ನೊಂದು ಅಂಗೈ ಇಟ್ಟಳು. ತಾತನ ಲೇಪ ಹೋಯಿತು, ಮುತ್ತಾತನದು ಹೋಯಿತು, ಹೆಸರು ಮರೆತುಹೋದ ಅರಸರದೆಲ್ಲ ಹೋಯಿತು. ಹುಳುಕಭೈರ ಒಂದರಿಂದ ಇನ್ನೊಂದಕ್ಕೆ ಜಾರುತ್ತಾ, ಕುಗ್ಗುತ್ತಾ, ಕೊನೆಗೆ ಎಲ್ಲಕ್ಕಿಂತ ಅಡಿಗೆ ಬಂದ. ಅಲ್ಲಿ ಲೇಪವೇ ಇರಲಿಲ್ಲ! ಮೊಟ್ಟಮೊದಲ ಅರಸ ಅರಗು ಬಳಿದಿರಲಿಲ್ಲ, ಬರೀ ಎಣ್ಣೆ ಉಜ್ಜಿದ್ದ. ಆ ಎಣ್ಣೆಯನ್ನು ಮರ ಕುಡಿದುಬಿಟ್ಟಿತ್ತು. ಮರಕ್ಕೂ ಎಣ್ಣೆಗೂ ನಡುವೆ ಕೂದಲು ತೂರುವಷ್ಟೂ ಸಂದಿಯಿಲ್ಲ. ಹುಳುಕಭೈರನಿಗೆ ಕಾಲೂರಲು ಜಾಗ ಸಿಗಲಿಲ್ಲ. ಒಣಗಿದ ಅರಗಿನ ಚಕ್ಕೆಯಾಗಿ ಟಪ್ಪನೆ ನೆಲಕ್ಕೆ ಬಿದ್ದ. ದಾಸಿಯೊಬ್ಬಳು ಹೊಟ್ಟಿನ ಜೊತೆ ಗುಡಿಸಿ ಬಚ್ಚಲೊಲೆಗೆ ಹಾಕಿದಳು. ಅವತ್ತು ನೀರು ಬಲು ಬೇಗ ಕಾಯಿತಂತೆ.

ಮರಕುಟಿಗ ಕೂತಲ್ಲಿಂದ ಧೊಪ್ಪನೆ ಬಿತ್ತು. ಬಿದ್ದದ್ದು ಕಾಳಾಚಾರಿ. "ಅಯ್ಯಯ್ಯೋ ಸೊಂಟ!" ಅಂದ, ಆಮೇಲೆ ತನ್ನ ಎರಡು ಕೈಯನ್ನೂ ಕಣ್ಣೆದುರು ಹಿಡಿದು ನೋಡಿ ಗೊಳೋ ಎಂದು ಅತ್ತ.

ಬಾಗಿಲು ಈಗ ಜೇನಿನ ಬಣ್ಣದಲ್ಲಿ ನಿಂತಿತ್ತು. ಅದರ ಮೇಲಿನ ಕೆತ್ತನೆ ಕಾಣುತ್ತಿತ್ತು. ಎಲ್ಲರೂ ಸೂರ್ಯನ ರಥವಿರಬಹುದು ಎಂದುಕೊಂಡು ಹತ್ತಿರ ಬಂದರು. ರಥವಿರಲಿಲ್ಲ. ಒಂದು ಕದದಲ್ಲಿ ಕಿರೀಟ ತೊಟ್ಟ ಗಂಡಸು ಬಾಚಿ ಹಿಡಿದು ಹಲಸಿನ ದಿಮ್ಮಿ ಕೆತ್ತುತ್ತಿದ್ದ. ಇನ್ನೊಂದರಲ್ಲಿ ಕಿರೀಟ ತೊಟ್ಟ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲೆಯಿಂದ ಮರ ಉಜ್ಜುತ್ತಿದ್ದಳು. ಹಲಸಿನಕೋಟೆಯ ಮೊದಲ ಅರಸ, ಮೊದಲ ಅರಸಿ. ಆ ಬಾಗಿಲನ್ನು ಮಾಡಿದವರು ಅವರೇ.

ಹೊನ್ನಾಜಿ ಒಂದು ಬೆರಳಿನಿಂದ ಮುಟ್ಟಿದಳು. ಜಟ್ಟಿಗಳು ಬಂದು ಹೆಗಲು ಕೊಡಬೇಕಿದ್ದ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಅರಸ ಒಳಮನೆಯಲ್ಲಿ ನಿಂತಿದ್ದ. ಗಲ್ಲದವರೆಗೂ ಮರ, ಕಣ್ಣು ಮಾತ್ರ ಅರಸನದು. ಹೊನ್ನಾಜಿ ಓಡಿಹೋಗಿ ತಬ್ಬಿಕೊಂಡಳು. ಮರ ಬಿಸಿಲಿಗೆ ಬೆಣ್ಣೆ ಕರಗಿದ ಹಾಗೆ ಇಳಿಯಿತು. ಗಂಟಲು ಬಂತು, ಎದೆ ಬಂತು, ಸೊಂಟ ಬಂತು, ಪಾದ ಬಂತು. ಅರಸ ಬೈಯಬಹುದೆಂದು ಅವಳು ತಲೆ ತಗ್ಗಿಸಿ ನಿಂತಳು. ಅವನು ಅವಳ ಎರಡು ಅಂಗೈಯನ್ನೂ ಬಿಡಿಸಿ ನೋಡಿದ. ಕೆಂಪು ಬೊಬ್ಬೆ, ಉಗುರಿನಲ್ಲಿ ಅರಗು, ಕೂದಲ ತುಂಬ ಹೊಟ್ಟು. ಆಮೇಲೆ ಬಾಗಿಲಿನ ಮೇಲಿನ ಹೆಂಗಸನ್ನು ನೋಡಿದ. ಮತ್ತೆ ಮಗಳನ್ನು ನೋಡಿದ. ಅವಳನ್ನು ಕೂರಿಸಿ, ಕೂದಲಿನ ಹೊಟ್ಟು ಕೊಡವಿ, ತಾನೇ ಜಡೆ ಹೆಣೆಯತೊಡಗಿದ.

ಕಾಳಾಚಾರಿ ಕೊಟ್ಟಿಗೆಯ ಬೀಗದ ಕೈಯನ್ನು ಹೊನ್ನಾಜಿಯ ಕೈಗೆ ಕೊಟ್ಟು, "ಇನ್ನು ಅರ್ಧ ನಿಮ್ಮದು" ಎಂದ. ಕಾಲ ಬಂದಾಗ ಹೊನ್ನಾಜಿ ಪಟ್ಟಕ್ಕೂ ಬಂದಳು. ಅವತ್ತು ಅರಗಿನ ಮಡಕೆ ತಂದವರನ್ನು ವಾಪಸು ಕಳಿಸಿ, ಬಾಗಿಲು ಒರೆಸಿ, ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಉಜ್ಜಿ, ಮಿಕ್ಕಿದ್ದನ್ನು ಒರೆಸಿ ತೆಗೆದಳು. ಜೋಯಿಸರು ಮೊದಲು ಆಕಾಶ ನೋಡಿ, ಬಾಗಿಲು ಮುಟ್ಟಿ ನೋಡಿ, ಆಮೇಲೆ ಮುಹೂರ್ತ ಇಟ್ಟರು. ಮಳೆಗಾಲದಲ್ಲಿ ಊದದ, ಬೇಸಿಗೆಯಲ್ಲಿ ಬಿರಿಯದ ಬಾಗಿಲುಗಳ ಹಿಂದೆ ಆ ರಾಜ್ಯದವರೆಲ್ಲ ನೆಮ್ಮದಿಯಾಗಿ ಉಂಡರು, ನೆಮ್ಮದಿಯಾಗಿ ಮಲಗಿದರು.

ಮುದಿ ಅರಸ ಗೋಪರಾಯನಿಗೆ ಮಾತ್ರ ಒಂದು ಹುಚ್ಚು ಹಿಡಿಯಿತು. ಬೇರೆ ರಾಜ್ಯದ ದೂತರು ಯಾರೇ ಬರಲಿ, ಸಂಧಿಯ ಮಾತಿರಲಿ, ಯುದ್ಧದ ಮಾತಿರಲಿ, ಅವನು ಒಳಬಾಗಿಲಲ್ಲೇ ಅವರನ್ನು ಅಡ್ಡಗಟ್ಟಿ ನಿಲ್ಲಿಸುತ್ತಿದ್ದ. ಅವರ ಕೈ ಹಿಡಿದು ಬಾಗಿಲ ಮೇಲೆ ಇಡುತ್ತಿದ್ದ.

"ಸವರಿ ನೋಡಿ. ಹಾಗಲ್ಲ ಸ್ವಾಮಿ, ಎಳೆ ಹೋದ ಕಡೆಗೆ ಸವರಿ. ಹಾಂ! ನನ್ನ ಮಗಳು ಮಾಡಿದ್ದು."